ಮೂರು ಕೂಗಿನ ಹೊತ್ತು

ಒಂಬತ್ತು ಹೊದಿಕೆಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದ ಪರದೆಗೆ ಇಸ್ತ್ರಿ ಹಾಕುವುದೆಂದರೆ ಆನೆಗೆ ಅಂಗಿ ತೊಡಿಸಿದ ಹಾಗೆ. ಈ ಕಡೆ ಎಳೆದರೆ ಆ ಕಡೆ ನೆಲ ಗುಡಿಸುತ್ತದೆ. ಇಸ್ತ್ರಿಯಕ್ಕ ಐದನೇ ಹೊದಿಕೆಯ ಹೊಲಿಗೆಯ ಮೇಲೆ ನೀರು ಚಿಮುಕಿಸಿ ಪೆಟ್ಟಿಗೆಯನ್ನು ಒತ್ತಿ ಹಿಡಿದಿದ್ದಳು. ಹಬೆ ಬುಸ್ಸೆಂದು ಎದ್ದು ಅವಳ ಕನ್ನಡಕವನ್ನು ಮಬ್ಬು ಮಾಡಿತು. ಮೇಜಿನ ಆ ತುದಿಯಲ್ಲಿ ಸೊಸೆ ಉಳಿದ ನಾಲ್ಕು ಹೊದಿಕೆಗಳನ್ನು ಎದೆಗವಚಿಕೊಂಡು, ನಿದ್ದೆ ಹೋದ ಮಗುವನ್ನು ಎತ್ತಿಕೊಂಡವಳಂತೆ ನಿಂತಿದ್ದಳು.

"ಅತ್ತೆ, ಆ ಕಾಗದ?"

"ಯಾವ ಕಾಗದ?"

"ನೀವು ಕೇಳೋದು ನೋಡಿದ್ರೆ ನಮ್ಮನೇಲಿ ಕಾಗದಗಳ ಸಂತೆನೇ ನಡೀತಿದೆ ಅನ್ಕೋಬೇಕು. ಪಂಪ್‌ಹೌಸಿನ ಕಾಗದ. ಶನಿವಾರಕ್ಕೆ ಗಡುವು ಮುಗಿಯುತ್ತೆ. ಇವತ್ತು ಗುರುವಾರ."

"ವಾರ ನನಗೂ ಗೊತ್ತು ಕಣೇ. ನೀನು ಪರದೆ ಕೆಳಗೆ ಬಿಡಬೇಡ."

ಗೊತ್ತಿತ್ತು. ಹನ್ನೊಂದು ತಿಂಗಳಿಂದ ಆ ಕಾಗದ ಇಸ್ತ್ರಿ ಮೇಜಿನ ಖಾನೆಯಲ್ಲಿ ಮಲಗಿತ್ತು. ಪೆಟ್ಟಿಗೆಯ ಬಿಸಿ ಮೇಲಿಂದ ಇಳಿದು ಇಳಿದು ಅದರ ಅಂಚು ಹಳದಿಯಾಗಿತ್ತು.

ಬೀದಿಯ ಕೊನೆಗೆ ಹಳೆಯದೊಂದು ಪಂಪ್‌ಹೌಸ್. ಪಂಪು ಹೋಗಿ ಇಪ್ಪತ್ತು ವರ್ಷ, ಉಳಿದದ್ದು ಹೌಸು ಮಾತ್ರ: ಎತ್ತರದ ಸೂರು, ದಪ್ಪ ಗೋಡೆ, ಪಂಪು ಕೂತಿದ್ದ ಜಾಗದಲ್ಲಿ ಮೊಣಕಾಲೆತ್ತರದ ಕಟ್ಟೆ. ಆ ಕಟ್ಟೆಯೇ ಬೀದಿಯ ರಂಗಮಂಚ. ವರ್ಷಕ್ಕೊಮ್ಮೆ ಒಂದು ಶನಿವಾರ ಮಧ್ಯಾಹ್ನ ಹದಿನೇಳು ಮನೆಯವರೂ ಅಲ್ಲಿ ಸೇರುತ್ತಾರೆ. ಹಾಡು ಬರುವವರು ಹಾಡುತ್ತಾರೆ, ಕುಣಿತ ಬರುವವರು ಕುಣಿಯುತ್ತಾರೆ, ಏನೂ ಬಾರದವರು ಬರುತ್ತದೆಂದು ನಂಬಿಕೊಂಡು ಹತ್ತುತ್ತಾರೆ. ಅದಕ್ಕೆ 'ಆಟದ ದಿನ' ಎಂದು ಹೆಸರು. ಹೋದ ವರ್ಷ ನೀರಿನ ಕಚೇರಿಯಿಂದ ಓಲೆ ಬಂತು: ಕಟ್ಟಡ ಕೆಡವಿ ಪೈಪು ಇಡುವ ಜಾಗ ಮಾಡುತ್ತೇವೆ; ಬೇಡವೆಂದರೆ ಬೀದಿಯ ಪ್ರತಿ ಮನೆಯವರೂ ಇದನ್ನು ನಾವು ನೋಡಿಕೊಳ್ಳುತ್ತೇವೆಂದು ಸಹಿ ಹಾಕಿ, ಒಂದು ವರ್ಷದೊಳಗೆ ಅಂಚೆಗೆ ಹಾಕಿ. ಒಂದು ಮನೆ ತಪ್ಪಿದರೂ ನಡೆಯದು.

ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುವ ಸೊಸೆ ಕಾಗದವನ್ನು ನೀಟಾಗಿ ಟೈಪು ಮಾಡಿ ತಂದಳು. ಒಂದು ವಾರದಲ್ಲಿ ಹದಿನಾರು ಸಹಿ ಬಿದ್ದವು. ಹದಿನೇಳನೆಯದು ಕಂಡಕ್ಟರನದು. ಅದು ಬೀಳಲಿಲ್ಲ.

ಅದು ಏಕೆ ಬೀಳಲಿಲ್ಲವೆಂದು ಹೇಳಬೇಕಾದರೆ ಕುಕ್ಕರಿನ ಕತೆ ಹೇಳಬೇಕು.

ಆಟದ ದಿನ ಶುರುವಾದ ಹೊಸದರಲ್ಲಿ ಜಗಳವೆಲ್ಲ ಹೊತ್ತಿನದೇ. ಕಟ್ಟೆ ಹತ್ತಿದವರು ಇಳಿಯುತ್ತಿರಲಿಲ್ಲ. ಗಡಿಯಾರ ಹಿಡಿದವನು ತನ್ನ ಭಾವನಿಗೆ ಅರ್ಧ ಗಂಟೆ, ನೆರೆಯವನಿಗೆ ಐದು ನಿಮಿಷ ಕೊಟ್ಟು, ಎರಡು ಮನೆಗಳು ಒಂದು ಚಳಿಗಾಲವಿಡೀ ಮಾತು ಬಿಟ್ಟಿದ್ದವು. ಆಗ ಬೇಕರಿ ಅಜ್ಜಿ ಒಂದು ಮಾತು ಹೇಳಿದಳು. "ಮನುಷ್ಯರ ಕೈಗೆ ಹೊತ್ತು ಕೊಡಬೇಡ್ರೋ. ಕುಕ್ಕರಿಗೆ ಕೊಡಿ. ಕುಕ್ಕರಿಗೆ ಯಾರೂ ನೆಂಟರಿಲ್ಲ."

ಹಾಗೆ ನಿಯಮವಾಯಿತು. ಕಟ್ಟೆಯ ಪಕ್ಕದಲ್ಲಿ ಒಂದು ಒಲೆ. ಪ್ರತಿ ಆಟಕ್ಕೂ ತಣ್ಣಗಿನ ಕುಕ್ಕರು, ಹತ್ತು ಆಲೂಗೆಡ್ಡೆ, ಒಳಗಿನ ಗೀಟಿನವರೆಗೆ ತಣ್ಣೀರು. ಆಟದವರು ಬಾಯಿ ತೆರೆದ ಕೂಡಲೇ ಒಲೆ ಹಚ್ಚುವುದು. ಮೂರು ಕೂಗಾದರೆ ಇಳಿಯುವುದು. ಹಾಡಿನ ಮಧ್ಯವಿರಲಿ, ಕೈ ಮೇಲೆ ನಿಂತಿರಲಿ, ಕಣ್ಣಲ್ಲಿ ನೀರು ಬರುತ್ತಿರಲಿ, ಇಳಿಯಬೇಕು. ಸುಮಾರು ಹನ್ನೆರಡು ನಿಮಿಷದ ಲೆಕ್ಕ. ಕೊನೆಗೆ ಎಲ್ಲರೂ ಕೂತು ಬೆಂದ ಆಲೂಗೆಡ್ಡೆಗೆ ಉಪ್ಪು ಮೆಣಸು ಹಾಕಿಕೊಂಡು ತಿನ್ನುವುದು. ಬಿಸಿ, ಹಬೆ, ಅಳತೆ ಇವುಗಳ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದವಳು ಇಸ್ತ್ರಿಯಕ್ಕನಾದ್ದರಿಂದ ಒಲೆ ಅವಳ ಪಾಲಿಗೆ ಬಂತು. ಅಂದಿನಿಂದ ಬೀದಿಯಲ್ಲಿ ಹೊತ್ತಿನ ಜಗಳ ಎದ್ದಿಲ್ಲ. ಕುಕ್ಕರು ಕೂಗಿತೆಂದರೆ ಮುಗಿಯಿತು. ಅದರ ಮೇಲೆ ಅಪೀಲಿಲ್ಲ.

ಆರು ವರ್ಷದ ಹಿಂದಿನ ಆಟದ ದಿನ ನಲ್ಲಿಯಲ್ಲಿ ನೀರು ನಿಂತುಹೋಯಿತು. ಎಂಟನೇ ಆಟ ಮುಗಿದಿತ್ತು, ಒಂಬತ್ತನೆಯದು ಕಂಡಕ್ಟರನದು. ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತು ಬಂದವನು, ಆ ವರ್ಷವಷ್ಟೇ ನಿವೃತ್ತನಾಗಿದ್ದ. ಒಂದು ಬಸ್ಸು, ಅದರೊಳಗಿನ ಹದಿನಾಲ್ಕು ಜನ, ಅವರ ಹದಿನಾಲ್ಕು ದನಿ, ಎಲ್ಲವನ್ನೂ ಒಬ್ಬನೇ ಮಾಡಿ ತೋರಿಸುವ ಆಟ ಅವನದು. ಇಸ್ತ್ರಿಯಕ್ಕನ ಕೈಯಲ್ಲಿ ಬಿಸಿ ಕುಕ್ಕರು, ಬಿಸಿ ನೀರು. ತಣ್ಣೀರು ಎಲ್ಲಿಂದಲಾದರೂ ತರಿಸಬೇಕಿತ್ತು. ಜನ ಚಪ್ಪಾಳೆ ತಟ್ಟಿ ಕರೆಯುತ್ತಿದ್ದರು, ಕಂಡಕ್ಟರ್ ಕಟ್ಟೆ ಹತ್ತಿಬಿಟ್ಟಿದ್ದ. ಒಂದು ಸಲ ತಾನೇ, ಏನಾದೀತು ಎಂದು ಅವಳು ಅದೇ ನೀರಿಗೆ ಆಲೂಗೆಡ್ಡೆ ಸುರಿದು ಮುಚ್ಚಳ ಮುಚ್ಚಿದಳು.

ಆರೇ ನಿಮಿಷಕ್ಕೆ ಮೂರೂ ಕೂಗು ಆಗಿಹೋದವು. ಕಂಡಕ್ಟರ್ ಆಗ ಆಳೆತ್ತರದ ಕನ್ನಡಿ ಹೊತ್ತು ಬಸ್ಸು ಹತ್ತಿದ ಒಬ್ಬನ ಕತೆಯಲ್ಲಿದ್ದ. "ಆಗ ಆ ಕನ್ನಡಿಯವನು ನನ್ನ ಕಡೆ ತಿರುಗಿ ಏನಂದ ಗೊತ್ತಾ..." ಎನ್ನುವಷ್ಟರಲ್ಲಿ ಮೂರನೆಯದು ಕೂಗಿತು. "ನನಗಿನ್ನೂ ಆರು ಸ್ಟಾಪ್ ಬಾಕಿ ಇದೆ!" ಎಂದ. ಜನ ಹೋ ಎಂದು ನಕ್ಕು ಇಳಿಸಿದರು. ಇಸ್ತ್ರಿಯಕ್ಕನಿಗೆ ಎರಡನೇ ಕೂಗಿಗೇ ತಿಳಿದಿತ್ತು. ಬಾಯಿಗೆ ಬಂದ ಮಾತನ್ನು ಉಗುಳಿನ ಜೊತೆ ನುಂಗಿದಳು. ಕುಕ್ಕರು ಒಂದು ಸಲ ತಪ್ಪಿತೆಂದರೆ ನಾಳೆ ಯಾರು ನಂಬುತ್ತಾರೆ? ಮತ್ತೆ ಗಡಿಯಾರ, ಮತ್ತೆ ಭಾವ, ಮತ್ತೆ ಜಗಳ.

ಅಂದಿನಿಂದ ಕಂಡಕ್ಟರ್ ಆಟದ ದಿನಕ್ಕೆ ಬರಲಿಲ್ಲ. ಬೀದಿಯ ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಇಸ್ತ್ರಿಗೆ ಬಟ್ಟೆ ಕೊಡುವುದನ್ನು ಬಿಟ್ಟ. ದಿನಾ ಬೆಳಿಗ್ಗೆ ಏಳೂವರೆಗೆ, ಹಿಂಡಿ ಹಾಗೇ ಒಣಗಿಸಿದ ಅಂಗಿ ತೊಟ್ಟು, ಅವಳ ಅಂಗಡಿಯ ಮುಂದೆ ನಿಧಾನವಾಗಿ ಹಾದುಹೋಗುತ್ತಿದ್ದ. ಆ ಸುಕ್ಕುಗಳನ್ನು ನೋಡಿದಾಗಲೆಲ್ಲ ಅವಳ ಬಲಗೈ ತಾನಾಗಿ ಪೆಟ್ಟಿಗೆಯ ಹಿಡಿಗೆ ಹೋಗುತ್ತಿತ್ತು.

"ಮಡಚು," ಎಂದಳು ಈಗ ಸೊಸೆಗೆ. "ನಾನು ಹೋಗಿ ಬರ್ತೀನಿ."

"ಎಲ್ಲಿಗೆ?"

"ಕುಂಬಳಕಾಯಿ ಕಳ್ಳಿ ಹೆಗಲು ಮುಟ್ಟಿ ನೋಡ್ಕೊಳ್ಳೋಕೆ."

ಕಂಡಕ್ಟರನ ಹೆಂಡತಿ ಬಾಗಿಲು ತೆರೆದಳು. ಗುಂಡು ಮುಖದ, ಸದಾ ನಗು ತಡೆದುಕೊಂಡಂತಿರುವ ಹೆಂಗಸು. "ಬಾರಮ್ಮ, ಬಾ. ರೀ, ನಿಮ್ಮ ತಂಗಿ ಬಂದಿದಾಳೆ."

"ನನಗೆ ತಂಗಿ ಇಲ್ಲ," ಒಳಗಿನಿಂದ ಬಂತು.

"ಇದ್ದಾಳೆ ಅಂತ ನೀವೇ ಇಪ್ಪತ್ತು ವರ್ಷ ಹೇಳ್ತಿದ್ರಲ್ಲ."

ಇಸ್ತ್ರಿಯಕ್ಕ ಕಾಗದ ತೆಗೆಯಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ನೇರವಾಗಿ ಶುರುಮಾಡಿದಳು. "ಅಣ್ಣ, ಅವತ್ತು ಕುಕ್ಕರ್ ಬೇಗ ಕೂಗಿತು. ನಲ್ಲೀಲಿ ನೀರು ಬರಲಿಲ್ಲ. ನಾನು ಬಿಸಿ ನೀರಿಗೇ ಆಲೂಗೆಡ್ಡೆ ಹಾಕ್ದೆ. ಹನ್ನೆರಡು ನಿಮಿಷ ಆಗಬೇಕಿದ್ದಿದ್ದು ಆರಕ್ಕೇ ಆಯ್ತು. ತಪ್ಪು ನನ್ನದು."

ಕಂಡಕ್ಟರ್ ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಟ್ಟ. ಉದ್ದನೆಯ ಆಳು, ಕೂತಾಗಲೂ ಮೇಲಿನ ಕಂಬಿ ಹಿಡಿದುಕೊಂಡವನಂತೆ ಒಂದು ಭುಜ ಎತ್ತರವಾಗಿ ಇರುತ್ತಿತ್ತು.

"ಆರಲ್ಲ, ಐದೂಮುಕ್ಕಾಲು," ಎಂದ. "ಒಂದು ಸ್ಟಾಪಿಂದ ಇನ್ನೊಂದು ಸ್ಟಾಪಿಗೆ ಎಷ್ಟು ಹೊತ್ತು ಅಂತ ನನ್ನ ಕಾಲಿಗೆ ಗೊತ್ತು. ನಿನ್ನ ಕುಕ್ಕರ್ ಹುಟ್ಟೋಕೆ ಮುಂಚೆಯಿಂದ ಗೊತ್ತು."

"ಹಾಗಾದ್ರೆ ಅವತ್ತೇ ಹೇಳಬಹುದಿತ್ತಲ್ಲ ಅಣ್ಣ?"

"ಹೇಳ್ದೆ. ನಕ್ಕರು."

ಆಮೇಲೆ ಅವಳು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ.

"ನೋಡಮ್ಮ. ನೀನು ಒಳ್ಳೇ ಹೆಂಗಸು. ಬಾಗಿಲು ಮುಚ್ಕೊಂಡು ನನ್ನ ಹತ್ರ ತಪ್ಪಾಯ್ತು ಅಂದೆ, ನಾನೂ ಸರಿ ಅಂದೆ ಅಂತ ಇಟ್ಕೋ. ಬೀದಿಗೆ ಏನು ಗೊತ್ತಾಯ್ತು? ಅವರ ಲೆಕ್ಕದಲ್ಲಿ ನಾನು ಹೊತ್ತು ಮೀರಿದವನು, ಇಳಿ ಅಂದ್ರೆ ಇಳಿಯದವನು. ಮೂವತ್ತೊಂದು ವರ್ಷ ಒಂದು ದಿನ ತಡ ಮಾಡಿದವನಲ್ಲ ನಾನು. ನನ್ನನ್ನ ಎಲ್ಲರ ಮುಂದೆ ಇಳಿಸಿದ್ರಿ. ಹತ್ತಿಸೋದಾದ್ರೂ ಎಲ್ಲರ ಮುಂದೆನೇ ಹತ್ತಿಸಬೇಕು."

"ಎಲ್ಲರ ಮುಂದೆ ಹೇಳಿದ್ರೆ ಕುಕ್ಕರಿನ ಮಾತು ಬಿದ್ದುಹೋಗುತ್ತೆ ಅಣ್ಣ."

"ಅದು ಕುಕ್ಕರಿನ ಕಷ್ಟ."

ಬಾಗಿಲವರೆಗೆ ಬಂದ ಹೆಂಡತಿ ಮೆಲ್ಲಗೆ ಅಂದಳು, "ಬಾತ್‌ರೂಮಿನಲ್ಲಿ ಈಗಲೂ ಆಡ್ತಾರೆ ಕಣಮ್ಮ. ಹದಿನಾಲ್ಕು ದನಿ. ಹೊರಗಡೆಯಿಂದ ಕೇಳಿದವರು ನಮ್ಮನೇಲಿ ಒಂದು ಬಸ್ ಜನ ಸ್ನಾನ ಮಾಡ್ತಾರೆ ಅನ್ಕೋಬೇಕು."

"ಕನ್ನಡಿಯವನು ಏನಂದ ಅತ್ತಿಗೆ?"

"ಅಷ್ಟು ಹೊತ್ತಿಗೆ ನಲ್ಲಿ ಬಿಡ್ತಾರೆ. ಒಂದು ದಿನ ಕೇಳಿಸಿದ್ರೆ ನನ್ನಾಣೆ."

ಮನೆಗೆ ಬಂದು ಹೇಳಿದಾಗ ಸೊಸೆ ಕಡ್ಡಿ ಮುರಿದಂತೆ ಬೇಡವೆಂದಳು. "ನೀವು ಹೇಳಿದ್ರೆ ಏನಾಗುತ್ತೆ ಗೊತ್ತಾ? ಪ್ಲಂಬರ್ ಎದ್ದು ನನ್ನದೂ ಬೇಗ ಕೂಗಿತ್ತು ಅಂತಾರೆ. ಕ್ಷೌರದಣ್ಣ ನಂದೂ ಅಂತಾರೆ. ಕಟ್ಟಡ ಉಳಿಸೋಕೆ ಹೋಗಿ ಆಟನೇ ಕಳ್ಕೋತೀವಿ. ಖಾಲಿ ಪಂಪ್‌ಹೌಸ್ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕೋದಾ?"

"ಹೇಳದೆ ಇದ್ರೆ?"

"ಬೇರೆ ದಾರಿ ನೋಡೋಣ."

"ಹನ್ನೊಂದು ತಿಂಗಳು ನೋಡಿದೆನಲ್ಲ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಕೂತಿದ್ದಕ್ಕೆ ಹಾವು ಖಾನೆಯಲ್ಲೇ ಮರಿ ಹಾಕ್ತಿದೆ." ಇಸ್ತ್ರಿಯಕ್ಕ ಪರದೆಯ ಮೇಲೆ ಅಂಗೈ ಆಡಿಸಿ, ಉಳಿದಿದ್ದ ಒಂದು ಮಡಿಕೆಯನ್ನು ಉಗುರಿನಿಂದ ತೀಡಿದಳು. "ಒಂದು ಮಾತು ತಿಳ್ಕೋ. ಸುಕ್ಕು ಬಿದ್ದ ಬಟ್ಟೆನ ಮಡಚಿ ಕಪಾಟಿನಲ್ಲಿಟ್ರೆ ಸುಕ್ಕು ಹೋಗಲ್ಲ, ಕೂತ್ಕೊಳ್ಳುತ್ತೆ. ಆಮೇಲೆ ಎಷ್ಟು ನೀರು ಹಾಕಿದ್ರೂ ಬಿಡಲ್ಲ. ಜನ ನನ್ನ ಮೇಲೆ ಕೂಗಾಡಿದ್ರೆ ಕೂಗಾಡಲಿ. ಎಷ್ಟು ಹೊತ್ತು ಕೂಗಾಡ್ತಾರೆ? ಮೂರು ಕೂಗಿನ ಹೊತ್ತು."

ಸೊಸೆಗೆ ನಗು ಬಂತು, ಆದರೆ ಒಪ್ಪಿದೆನೆಂದು ಹೇಳಲಿಲ್ಲ.

ಶನಿವಾರ ಎರಡು ಗಂಟೆಗೆ ಪಂಪ್‌ಹೌಸ್ ತುಂಬಿತ್ತು. ಮನೆಮನೆಯಿಂದ ತಂದ ಕುರ್ಚಿ, ಸ್ಟೂಲು, ಒಬ್ಬರ ಮನೆಯ ಸೋಫಾ ಕೂಡ. ಪರದೆ ಸುಕ್ಕಿಲ್ಲದೆ ನೇತಾಡುತ್ತಿತ್ತು. ಸೊಸೆ ಆಲೂಗೆಡ್ಡೆ ಎಣಿಸಿ ಹತ್ತು ಹತ್ತರ ಗುಡ್ಡೆ ಮಾಡಿದ್ದಳು. ನಾಲ್ಕು ಕೊಡ ತಣ್ಣೀರು ಮೊದಲೇ ತಂದಿಟ್ಟಿದ್ದರು.

ಮೊದಲು ಪ್ಲಂಬರ್ ಉದ್ದ ಗಿಡ್ಡ ಪೈಪುಗಳನ್ನು ನೇತುಹಾಕಿ ಸ್ಪ್ಯಾನರಿನಿಂದ ಬಡಿದು ಒಂದು ಮದುವೆಯ ಮೆರವಣಿಗೆ ನುಡಿಸಿದ. ಎರಡನೇ ಕೂಗಿಗೆ ಒಂದು ಪೈಪು ಕಳಚಿಬಿದ್ದು ಅದೂ ತಾಳಕ್ಕೆ ಸರಿಯಾಗಿ ಬಿತ್ತು. ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡದ ಓರಗಿತ್ತಿಯರಿಬ್ಬರು ಲಟ್ಟಣಿಗೆಗಳನ್ನು ಗಾಳಿಗೆ ಎಸೆದು ಎಸೆದು ಹಿಡಿದರು. ಒಂದೂ ಕೆಳಗೆ ಬೀಳಲಿಲ್ಲ, ಒಂದು ಮಾತೂ ಆಡಲಿಲ್ಲ. ಎಂಬತ್ತೊಂದರ ಬೇಕರಿ ಅಜ್ಜಿ ಒಂದು ಕುರ್ಚಿಯ ಜೊತೆ ಕುಣಿದಳು. ಕುರ್ಚಿಗೆ ಸುಸ್ತಾಯಿತೆಂದು ಅದನ್ನು ಕೂರಿಸಿ ಗಾಳಿ ಬೀಸಿದಾಗ ಜನ ಬಿದ್ದು ಬಿದ್ದು ನಕ್ಕರು. ಟಪಾಲಣ್ಣ ಎರಡು ಚಮಚ ತೊಡೆಗೆ ಬಡಿಯುತ್ತಾ ರೈಲು ಹೊರಡುವ ಸದ್ದು ಮಾಡಿದ. ಕ್ಷೌರದಣ್ಣ ಕೈ ಮೇಲೆ ನಡೆದ; ಮೂರನೇ ಕೂಗಿಗೆ ತಲೆಕೆಳಗಾಗಿಯೇ ಕಟ್ಟೆ ಇಳಿದು ಹೋಗಿ ತನ್ನ ಕುರ್ಚಿಯಲ್ಲಿ ಕೂತ.

ಐದು ಆಟ ಆಗಿತ್ತು. ಇಸ್ತ್ರಿಯಕ್ಕ ಕುಕ್ಕರಿಗೆ ತಣ್ಣೀರು ಹೊಯ್ಯುತ್ತಾ ಕಿಟಕಿಯತ್ತ ನೋಡಿದಳು. ಹೊರಗಿನ ಗೋಡೆಗೆ ಒರಗಿಕೊಂಡು ಒಂದು ಸುಕ್ಕುಬಿದ್ದ ಭುಜ, ಇನ್ನೊಂದಕ್ಕಿಂತ ಎತ್ತರವಾಗಿ. ಪಕ್ಕದಲ್ಲಿ ಅವನ ಹೆಂಡತಿಯ ಗುಂಡು ಮುಖ. ಅವಳು ಕಿಟಕಿಯೊಳಗೆ ಇಣುಕಿ, 'ಗಾಳಿಗೆ ನಿಂತಿದಾರಂತೆ' ಎಂದು ಬಾಯಾಡಿಸಿದಳು.

ಇಸ್ತ್ರಿಯಕ್ಕ ಕೈ ಒರೆಸಿಕೊಂಡು ಕಟ್ಟೆ ಹತ್ತಿದಳು. ಅವಳು ಅಲ್ಲಿಗೆ ಹತ್ತಿದ್ದು ಅದೇ ಮೊದಲು. ಮೇಲಿನಿಂದ ಬೀದಿಯ ತಲೆಗಳೆಲ್ಲ ಬೇರೆಯಾಗಿ ಕಂಡವು. ಕ್ಷೌರದಣ್ಣನ ನೆತ್ತಿಯೇ ಬೋಳು ಎಂಬುದು ಅವಳಿಗೆ ಅವತ್ತು ಗೊತ್ತಾಯಿತು.

"ಅಕ್ಕ ಹಾಡ್ತಾಳೆ!" ಯಾರೋ ಕೂಗಿದರು.

"ಹಾಡಲ್ಲ. ಹೇಳ್ತೀನಿ. ಆರು ವರ್ಷದ ಹಿಂದೆ ಕಂಡಕ್ಟರಣ್ಣ ಇಲ್ಲಿ ನಿಂತಿದ್ರು. ನೀವೆಲ್ಲ ಹೊತ್ತಾಯ್ತು ಅಂತ ಇಳಿಸಿದ್ರಿ. ಹೊತ್ತಾಗಿರಲಿಲ್ಲ. ನೀರು ನಿಂತಿತ್ತು ಅಂತ ನಾನು ಕುಕ್ಕರ್ ತಣ್ಣಗೆ ಮಾಡದೆ, ಬಿಸಿ ನೀರಿಗೇ ಆಲೂಗೆಡ್ಡೆ ಹಾಕಿದ್ದೆ. ಅರ್ಧ ಹೊತ್ತಿಗೇ ಕೂಗಿಬಿಡ್ತು. ನನಗೆ ಆಗಲೇ ಗೊತ್ತಿತ್ತು. ತುಟಿ ಪಿಟಿಕ್ ಅನ್ನಲಿಲ್ಲ. ಅವರು ಹೊತ್ತು ಮೀರಲಿಲ್ಲ, ನಾನೇ ಅವರ ಹೊತ್ತು ನುಂಗಿದ್ದು."

ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು.

"ಹಾಗಾದ್ರೆ ಮೂರು ವರ್ಷದ ಹಿಂದೆ ನಂದೂ ಬೇಗ ಕೂಗಿತ್ತು!" ಪ್ಲಂಬರ್ ಸ್ಪ್ಯಾನರ್ ಹಿಡಿದೇ ಎದ್ದ.

"ನಿಂದು ಸರಿಯಾಗೇ ಕೂಗಿತ್ತಪ್ಪ. ನಿನ್ನ ಪೀಠಿಕೆನೇ ಹತ್ತು ನಿಮಿಷ ಇತ್ತು."

"ನಾನು ಹೋದ ವರ್ಷ..." ಕ್ಷೌರದಣ್ಣ.

"ಹೋದ ವರ್ಷ ನೀನು ಬಿದ್ದೆ. ಅದಕ್ಕೂ ಕುಕ್ಕರಿಗೂ ಏನು ಸಂಬಂಧ?"

ನಗೆ ಎದ್ದಿತು, ಆದರೆ ಗಲಾಟೆ ಇಳಿಯಲಿಲ್ಲ. ಗಡಿಯಾರವೇ ವಾಸಿ ಎಂದರು ಒಬ್ಬರು. ಯಾರ ಗಡಿಯಾರ ಎಂದರು ಇನ್ನೊಬ್ಬರು. ನಿಮ್ಮ ಭಾವನದಂತೂ ಬೇಡ ಎಂದರು ಮತ್ತೊಬ್ಬರು. ಹಳೆಯ ಜಗಳಗಳೆಲ್ಲ ಒಂದೊಂದಾಗಿ ಎದ್ದು ಮೈಮುರಿದವು. ಹಿಂದಿನವರು ಮುಂದೆ ಬಂದರು, ಮುಂದಿನವರು ಎದ್ದು ನಿಂತರು, ಸೋಫಾದವರು ಸೋಫಾ ಹತ್ತಿದರು. ಒಲೆಯ ಪಕ್ಕದಲ್ಲಿ ಸೊಸೆ, ನಾನು ಹೇಳಿರಲಿಲ್ಲವೇ ಎಂಬಂತೆ ಕಣ್ಣು ಮುಚ್ಚಿಕೊಂಡಳು.

ಇಸ್ತ್ರಿಯಕ್ಕ ಕದಲಲಿಲ್ಲ. ಬಿಸಿ ಪೆಟ್ಟಿಗೆ ಹಿಡಿದ ಕೈಯಂತೆ ಭಾರವಾಗಿ, ನೆಟ್ಟಗೆ ನಿಂತಿದ್ದಳು. ಕೂಗಾಡಿ ಎಂದು ಬಿಟ್ಟ ಮೇಲೆ ಬಿಟ್ಟದ್ದೇ.

ಆಗ ಬಾಗಿಲಲ್ಲಿ ಒಂದು ದನಿ ಕೇಳಿತು. ದೊಡ್ಡದಲ್ಲ, ಆದರೆ ಎಂಜಿನ್ನಿನ ಸದ್ದಿನ ಮೇಲೆ ತೇಲಿ ಹೋಗಿ ಮೂವತ್ತೊಂದು ವರ್ಷ ಅಭ್ಯಾಸವಾದ ದನಿ.

"ಒಳಗೆ ನಡೀರಿ, ಒಳಗೆ ನಡೀರಿ. ಬಾಗಿಲಲ್ಲಿ ಗುಂಪು ಕಟ್ಟಬೇಡಿ. ಏನು ಸ್ವಾಮಿ, ಸೀಟಿನ ಮೇಲೆ ನಿಲ್ಲೋದಾ? ಇಳೀರಿ. ಅಮ್ಮ, ಅಜ್ಜಿಗೆ ಜಾಗ ಬಿಡಿ. ಒಬ್ಬೊಬ್ಬರೇ ಮಾತಾಡಿ, ಎಲ್ಲರಿಗೂ ಟಿಕೆಟ್ ಸಿಗುತ್ತೆ."

ಜನ ಕೂತರು. ಏಕೆ ಕೂತೆವೆಂದು ಗೊತ್ತಾಗುವ ಮುಂಚೆಯೇ ಕೂತರು. ಕಂಡಕ್ಟರ್ ಸಾಲುಗಳ ನಡುವೆ ಪಕ್ಕಕ್ಕೆ ತಿರುಗಿಕೊಂಡು ನಡೆದು ಬಂದ. ನಿಂತ ನೆಲ ಅಲುಗುತ್ತಿದೆಯೇನೋ ಎಂಬಂತೆ ಕಾಲು ಅಗಲಿಸಿ ಇಡುತ್ತಿದ್ದ. ಕಟ್ಟೆಯ ಬುಡಕ್ಕೆ ಬಂದು ನಿಂತಮೇಲೆಯೇ ತಾನು ಎಲ್ಲಿಗೆ ಬಂದೆನೆಂದು ಅವನಿಗೆ ಹೊಳೆದಂತಿತ್ತು.

ಬೇಕರಿ ಅಜ್ಜಿ ಆ ಮೌನವನ್ನು ಬಿಡಲಿಲ್ಲ. "ಕುಕ್ಕರ್ ಸುಳ್ಳು ಹೇಳಲಿಲ್ಲ. ಬಿಸಿ ಮಾಡಿದ್ರು, ಕೂಗ್ತು. ಒಲೆ ಮುಂದೆ ಇದ್ದವಳು ಬಾಯಿ ಬಿಡಲಿಲ್ಲ, ಈಗ ಬಿಟ್ಟಳು. ಮುಂದಕ್ಕೆ ಏನು ಮಾಡ್ತೀಯೇ ಹುಡುಗಿ, ಅದನ್ನ ಹೇಳು."

ಅರವತ್ತಮೂರರ ಹುಡುಗಿ ಉತ್ತರವನ್ನು ಮೊದಲೇ ತಂದಿದ್ದಳು. "ಇನ್ನು ಮೇಲೆ ಕಟ್ಟೆ ಹತ್ತೋರು ಮೊದಲು ಬಂದು ಕುಕ್ಕರ್ ಮುಟ್ಟಿ ನೋಡಬೇಕು. ತಣ್ಣಗಿದೆ ಅಂತ ಅವರೇ ಹೇಳಿದ ಮೇಲೆ ಒಲೆ ಹಚ್ತೀನಿ. ನನ್ನ ಮಾತು ನಂಬಬೇಡಿ. ನಿಮ್ಮ ಕೈ ನಂಬಿ." ಕಂಡಕ್ಟರನ ಕಡೆ ತಿರುಗಿದಳು. "ಅಣ್ಣ, ಮೊದಲು ನೀವು. ಪೂರ್ತಿ ಮೂರು ಕೂಗು ನಿಮ್ಮದು."

"ಪೂರ್ತಿ ಬೇಡ," ಎಂದ ಕಂಡಕ್ಟರ್. "ನನಗೆ ಬಾಕಿ ಇರೋದು ಆರು ಸ್ಟಾಪು. ಬೇರೆಯವರ ಹೊತ್ತು ನನಗೆ ಯಾಕೆ? ಕುಕ್ಕರ್ ತಣ್ಣಗಿಡು. ಎರಡನೇ ಕೂಗಿನೊಳಗೆ ನಾನು ಇಳಿದಿರ್ತೀನಿ."

ಕುಕ್ಕರಿನ ಹೊಟ್ಟೆಗೆ ಅಂಗೈಯಿಟ್ಟ. ಮುಚ್ಚಳ ಎತ್ತಿ ನೀರಿಗೆ ಬೆರಳಿಟ್ಟ. ಹತ್ತು ಆಲೂಗೆಡ್ಡೆಯನ್ನೂ ಎಣಿಸಿದ. ಎಲ್ಲವನ್ನೂ ಅವಸರವಿಲ್ಲದೆ ಮಾಡಿದ. "ರೈಟ್," ಎಂದು ಕಟ್ಟೆ ಹತ್ತಿದ. ಇಸ್ತ್ರಿಯಕ್ಕ ಒಲೆ ಹಚ್ಚಿದಳು.

ಅವನು ಪೀಠಿಕೆ ಹಾಕಲಿಲ್ಲ, ಹಿಂದಿನದನ್ನು ನೆನಪಿಸಲಿಲ್ಲ. ಮೇಲಿನ ಕಂಬಿಗೆ ಕೈ ಚಾಚಿ, ಬಸ್ಸು ತಿರುವಿನಲ್ಲಿ ವಾಲಿದಂತೆ ವಾಲಿ, ಆರು ವರ್ಷದ ಹಿಂದೆ ಬಿಟ್ಟಿದ್ದ ಉಸಿರನ್ನೇ ಎಳೆದುಕೊಂಡ.

"...ಏನಂದ ಗೊತ್ತಾ? 'ಕಂಡಕ್ಟರೇ, ಇದರೊಳಗಿರೋರಿಗೂ ಟಿಕೆಟ್ ತಗೋಬೇಕಾ?' ಅಂದ. ನಾನು ಕನ್ನಡಿ ನೋಡ್ದೆ. ಒಳಗೆ ಇನ್ನೊಂದು ಬಸ್ಸು, ಕಿಕ್ಕಿರಿದ ಜನ. 'ಬೇಡಪ್ಪ,' ಅಂದೆ. 'ಅವರಿಗೆ ಅವರ ಕಂಡಕ್ಟರ್ ಇದಾನೆ. ನೋಡು, ಬಾಯಿ ಬಿಟ್ಕೊಂಡು ನಿಂತಿದಾನೆ. ನನಗಿಂತ ದಡ್ಡ!'"

ಪಂಪ್‌ಹೌಸಿನ ಸೂರು ಹಾರಿಹೋಗುವಂತೆ ನಗೆ ಎದ್ದಿತು. ಆರು ವರ್ಷ ಹೊಟ್ಟೆಯಲ್ಲಿ ಕೂತಿದ್ದ ಕುತೂಹಲ ಹಾಗೆ ಒಡೆಯಿತು. ಅವನ ಹೆಂಡತಿ ಕಿಟಕಿಯ ಕಂಬಿ ಹಿಡಿದುಕೊಂಡು, ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. ಆಮೇಲೆ ಸ್ಟಾಪುಗಳು ಬಂದವು. ನಿದ್ದೆಯಲ್ಲೇ "ನಮ್ಮ ಸ್ಟಾಪ್ ಬಂತಾ?" ಎನ್ನುವ ಮುದುಕ, ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿಗೆ ಜಗಳ ಎಸೆಯುವ ಇಬ್ಬರು ಬೀಗಿತ್ತಿಯರು, ಕೂತ ಸೀಟನ್ನು ಬಿಟ್ಟುಕೊಟ್ಟು ಮತ್ತೆ ಅದನ್ನೇ ಕೇಳುವವನು. ಒಬ್ಬನ ಗಂಟಲಿಂದ ಒಂದು ಬಸ್ಸು ಜನ ಇಳಿದರು, ಹತ್ತಿದರು. ಮೊದಲನೇ ಕೂಗಾಯಿತು. ಯಾರೂ ಒಲೆಯ ಕಡೆ ತಿರುಗಲಿಲ್ಲ. ಇಸ್ತ್ರಿಯಕ್ಕ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಸ್ಟಾಪು ಎಣಿಸುತ್ತಿದ್ದಳು. ನಾಲ್ಕು. ಐದು.

"ಕೊನೇ ಸ್ಟಾಪ್! ಎಲ್ಲಾ ಇಳೀರಿ, ಎಲ್ಲಾ ಇಳೀರಿ! ಸಾಮಾನು ನೋಡ್ಕೊಳ್ಳಿ!"

ಬೇಕರಿ ಅಜ್ಜಿ ಎದ್ದಳು. ಅವಳನ್ನು ನೋಡಿ ಅಕ್ಕಪಕ್ಕದವರು ಎದ್ದರು. ಕುರ್ಚಿಗಳು ಸರಿದವು, ಹದಿನೇಳು ಮನೆಗಳೂ ಎದ್ದು ನಿಂತವು. ಕೆಲವರು ಇಲ್ಲದ ಗಂಟುಮೂಟೆ ಎತ್ತಿಕೊಂಡರು. ಚಪ್ಪಾಳೆ ಶುರುವಾಯಿತು. ಕಂಡಕ್ಟರ್ ಕಟ್ಟೆಯಿಂದ ಕೆಳಗಿಳಿದು ನೆಲದ ಮೇಲೆ ಎರಡೂ ಕಾಲೂರಿದ. ಆಗ ಎರಡನೇ ಕೂಗಾಯಿತು.

"ಎರಡೂವರೆ ಸೆಕೆಂಡ್ ಮುಂಚೆ," ಎಂದ ಇಸ್ತ್ರಿಯಕ್ಕನಿಗೆ, ಬೆವರೊರೆಸಿಕೊಳ್ಳುತ್ತಾ.

"ನೋಡ್ದೆ ಅಣ್ಣ."

"ತಾ ಆ ಕಾಗದ."

ಆದರೆ ಓದದೆ ಸಹಿ ಹಾಕುವ ಆಸಾಮಿ ಅವನಲ್ಲ. ಸೊಸೆಯನ್ನು ಒಲೆಗೆ ಕೂರಿಸಿ ಇಸ್ತ್ರಿಯಕ್ಕ ಅವನನ್ನು ಬಾಗಿಲ ಬೆಳಕಿಗೆ ಕರೆದುಕೊಂಡು ಹೋದಳು. ಒಳಗೆ ಮುಂದಿನ ಆಟ ಮುಗಿದು ಇನ್ನೊಂದು ಬಂತು. ಅವನು ಮೊದಲ ಹಾಳೆಯಲ್ಲೇ ಇದ್ದ. ಹೆಂಡತಿ ಗದರಿದಳು, "ರೀ, ಅದೇನು ಕಾದಂಬರಿನಾ?" ಟಪಾಲಣ್ಣ ಪಕ್ಕದಲ್ಲಿ ಚಮಚ ಕುಣಿಸುತ್ತಾ ನಿಂತಿದ್ದ. "ಮೂಲೆ ಅಂಚೆ ಡಬ್ಬ ಐದೂವರೆಗೆ ತೆಗೀತಾರೆ ಅಕ್ಕ. ಈಗ ನಾಲ್ಕೂ ಐವತ್ತು."

"ನಿನ್ನ ಕೈಗೇ ಕೊಡ್ತೀನಿ ತಗೋ ಮತ್ತೆ."

"ನಾನು ಇವತ್ತು ರಜ. ಯೂನಿಫಾರ್ಮ್ ಇಲ್ಲದೆ ಇದ್ರೆ ನಾನು ಬರೀ ಚಮಚದವನು. ಇವತ್ತಿನ ಮುದ್ರೆ ಬೀಳಬೇಕು ಅಂದ್ರೆ ಡಬ್ಬಕ್ಕೇ ಬೀಳಬೇಕು."

"ಇಲ್ಲೊಂದು ಪ್ರಶ್ನೆ," ಎಂದ ಕಂಡಕ್ಟರ್. "'ಕಟ್ಟಡವನ್ನು ನಾವೆಲ್ಲರೂ ನೋಡಿಕೊಳ್ಳುತ್ತೇವೆ' ಅಂತ ಬರೆದಿದೀರಿ. ಎಲ್ಲರ ಕೆಲಸ ಅಂದ್ರೆ ಯಾರ ಕೆಲಸವೂ ಅಲ್ಲ. ಆ ಮೂಲೇಲಿ ಸೂರು ಸೋರ್ತಿದೆ. ಯಾರು ನೋಡ್ಕೋತಾರೆ?"

"ಪ್ಲಂಬರ್."

"ಬೀಗ, ಕೀಲಿ?"

ಇಸ್ತ್ರಿಯಕ್ಕ ಒಂದು ಕ್ಷಣ ಅವನ ಮುಖ ನೋಡಿದಳು. "ಹೊತ್ತಿಗೆ ಸರಿಯಾಗಿ ತೆಗೆದು, ಹೊತ್ತಿಗೆ ಸರಿಯಾಗಿ ಮುಚ್ಚೋರು ಈ ಬೀದೀಲಿ ಒಬ್ಬರೇ ಇರೋದು."

"ಹೂಂ," ಎಂದ. ಬೇಡವೆನ್ನಲಿಲ್ಲ. ಬಾಗಿಲ ಚೌಕಟ್ಟಿಗೆ ಹಾಳೆ ಒತ್ತಿ ಹಿಡಿದು, ಅಲುಗುವ ಬಸ್ಸಿನಲ್ಲೂ ನೇರ ಗೆರೆ ಬರೆಯುವ ಕೈಯಿಂದ ಹದಿನೇಳನೇ ಸಹಿ ಹಾಕಿ, ಕೆಳಗೆ ತಾರೀಕು ಬರೆದು, ತಾರೀಕಿನ ಪಕ್ಕದಲ್ಲಿ ಗಂಟೆಯನ್ನೂ ಬರೆದ.

ಇಸ್ತ್ರಿಯಕ್ಕ ಮೂರು ಹಾಳೆಗಳನ್ನು ಮೊಣಕಾಲ ಮೇಲಿಟ್ಟು ಅಂಗೈಯಿಂದ ತೀಡಿ ಮಡಚಿದಳು. ಮಡಿಕೆ ಒಂದರ ಮೇಲೊಂದು ಸರಿಯಾಗಿ ಕೂತವು. ಲಕೋಟೆಯ ಅಂಟನ್ನು ಒತ್ತಿದಳು. ಒಳಗೆ ಯಾರೋ ಹಾಡುತ್ತಿದ್ದರು, ಚೆನ್ನಾಗಿಯೇ ಹಾಡುತ್ತಿದ್ದರು. ಅವಳು ನಿಲ್ಲಲಿಲ್ಲ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ತೆರೆದ ಬಾಗಿಲುಗಳು, ಕುರ್ಚಿ ಹೋಗಿ ಖಾಲಿಯಾದ ಜಗಲಿಗಳು. ಅವಸರಪಡಬೇಕಿರಲಿಲ್ಲ, ಅವಸರಪಡಲೂ ಇಲ್ಲ. ಹಿಂದೆ ಟಪಾಲಣ್ಣ ಬರುತ್ತಿದ್ದ, ಬರೀ ಚಮಚದವನಾಗಿ.

ಮೂಲೆಯ ಡಬ್ಬದ ಬಾಯಿ ಕಿರಿದು, ಲಕೋಟೆ ದಪ್ಪ. ಅವಳು ಅದನ್ನು ಸ್ವಲ್ಪ ಓರೆ ಮಾಡಿ ತಳ್ಳಿದಳು. ಅರ್ಧಕ್ಕೆ ನಿಂತಿತು. ಹೆಬ್ಬೆರಳಿನಿಂದ ಒತ್ತಿದಳು. ಹೋಯಿತು. ಆದರೂ ಬೆರಳು ಹೋಗುವಷ್ಟು ಒಳಗೆ ತೂರಿಸಿ ತಡವಿದಳು.

"ಬಿತ್ತು ಅಕ್ಕ, ಬಿತ್ತು."

"ಸದ್ದೇ ಆಗಲಿಲ್ಲ."

"ಅದೇನು ಬಾವಿನಾ? ಕೆಳಗೆ ಬೇರೆ ಕಾಗದಗಳಿದಾವೆ, ಅವುಗಳ ಮೇಲೆ ಬಿದ್ದಿದೆ. ಬೆಳಿಗ್ಗೆ ಊರು ದಾಟಿರುತ್ತೆ."

ಅವಳು ಕೈ ಹೊರಗೆ ತೆಗೆದಳು. ಬೆರಳುಗಳು ಖಾಲಿಯಿದ್ದವು.